ನೀರಲ್ಲಿ ಮುಳುಗಿದ ಕಾರಿಗೆ ಸೆಲ್ಫ್ ಹೊಡೀಬೇಡಿ

ಹೋದ ವಾರ ಕ್ರೆಡಿಟ್ ಕಾರ್ಡ್ ಎಪಿಸೋಡ್ ಆದ್ಮೇಲೆ ತುಂಬ ಜನ ವಾಯ್ಸ್ ನೋಟ್ ಕಳಿಸಿ ಕೇಳಿದ್ದು ಒಂದೇ ಪ್ರಶ್ನೆ: ಕಾರ್ ಇನ್ಶೂರೆನ್ಸ್ ಬಗ್ಗೆ ಯಾವಾಗ ಮಾತಾಡ್ತೀರಾ? ಇವತ್ತು ಮಾತಾಡ್ತೀನಿ. ಆದ್ರೆ ಪಾಲಿಸಿ ಪೇಪರ್‌ನಿಂದ ಶುರು ಮಾಡಲ್ಲ, ಒಂದು ಫೋನ್ ಕಾಲ್‌ನಿಂದ ಶುರು ಮಾಡ್ತೀನಿ. ಆ ಕಾಲ್‌ನಲ್ಲಿ ನಾನು ಆಡಿದ ಒಂದೇ ಮಾತಿಗೆ ನಮ್ಮನೆಗೆ ಬಿದ್ದ ಬೆಲೆ 51,000 ರೂಪಾಯಿ.

2025ರ ಮೇ 18, ಭಾನುವಾರ ರಾತ್ರಿ. ಬೆಂಗಳೂರಲ್ಲಿ ಇದ್ದವರಿಗೆ ಆ ರಾತ್ರಿ ನೆನಪಿರುತ್ತೆ. ಮಾರನೇ ಬೆಳಿಗ್ಗೆ ಲೆಕ್ಕ ಹಾಕಿದಾಗ 24 ಗಂಟೆಯಲ್ಲಿ ನಗರದ ಮಳೆ 100 ಮಿಲಿಮೀಟರ್ ದಾಟಿತ್ತು. ಟಿವಿಯಲ್ಲಿ ಎಲ್ಲರೂ ನೋಡಿದ್ದು ನಮ್ಮ ಹೊರಮಾವಿನ ಸಾಯಿ ಲೇಔಟ್. ಜನರನ್ನ ದೋಣಿಯಲ್ಲಿ, ಟ್ರ್ಯಾಕ್ಟರ್‌ನಲ್ಲಿ ಹೊರಗೆ ಕರ್ಕೊಂಡು ಬರ್ತಿದ್ರು. ರಾಜಕಾಲುವೆ ಪಕ್ಕದ ತಗ್ಗು ಜಾಗ ಅದು. ರೈಲ್ವೆ ಹಳಿ ಕೆಳಗೆ ನೀರು ಹೋಗೋ ದಾರಿ ಕಿರಿದಾಗಿದೆ, ಅದಕ್ಕೇ ನೀರು ಹಿಂದಕ್ಕೆ ಒತ್ತುತ್ತೆ ಅಂತ ಪಾಲಿಕೆಯವರು ಆಗ ಹೇಳಿದ್ರು. ಅದೊಂದು ಬೇರೆ ಎಪಿಸೋಡಿಗೆ ಆಗೋವಷ್ಟು ವಿಷಯ, ಇವತ್ತು ಬೇಡ.

ನಮ್ಮ ಮನೆ ಸಾಯಿ ಲೇಔಟ್‌ನಲ್ಲಿಲ್ಲ. ಸ್ವಲ್ಪ ಆಚೆ, ಒಂದು ಅಡ್ಡರಸ್ತೆಯಲ್ಲಿದೆ. ನಮ್ಮ ರಸ್ತೆಗೆ ರಾತ್ರಿ ನುಗ್ಗಿದ ನೀರು ಬೆಳಿಗ್ಗೆ ಹೊತ್ತಿಗೆ ಇಳಿದಿತ್ತು. ಆ ರಾತ್ರಿ ನಾನು ಮನೆಯಲ್ಲಿರಲಿಲ್ಲ. ಇಂದಿರಾನಗರದಲ್ಲಿ ಫ್ರೆಂಡ್ ಮನೆಯಲ್ಲಿ ರೆಕಾರ್ಡಿಂಗ್ ಮುಗಿಸಿ, ಮಳೆ ನೋಡಿ ಅಲ್ಲೇ ಉಳ್ಕೊಂಡಿದ್ದೆ. ಬೆಳಿಗ್ಗೆ ಏಳು ಗಂಟೆಗೆ ಅಪ್ಪನ ಫೋನ್.

"ಗಾಡಿ ನೀರಲ್ಲಿ ನಿಂತಿತ್ತು ಕಣೋ. ಹೆಡ್‌ಲೈಟ್ ಮಧ್ಯದವರೆಗೂ ಕೆಸರಿನ ಗೆರೆ ಇದೆ. ಈಗ ನೀರಿಲ್ಲ. ಏನ್ಮಾಡ್ಲಿ?"

ನಾನು ಇನ್ನೂ ಹಾಸಿಗೆ ಮೇಲಿದ್ದೆ. ಕಣ್ಣು ಕೂಡ ಸರಿಯಾಗಿ ಬಿಟ್ಟಿರಲಿಲ್ಲ. "ನೀರಿಲ್ವಲ್ಲ ಅಪ್ಪ, ಒಂದ್ಸಲ ಸ್ಟಾರ್ಟ್ ಮಾಡಿ ನೋಡಿ" ಅಂದೆ.

ಅಪ್ಪ ಮೊದಲ ಸಲ ಸೆಲ್ಫ್ ಹೊಡೆದಾಗ ಟಕ್ ಅಂತ ಸದ್ದಾಗಿ ನಿಂತೋಯ್ತಂತೆ. ಎರಡನೇ ಸಲ ಎಂಜಿನ್ ಹಿಡ್ಕೊಳ್ತು. ನಾಲ್ಕೈದು ಸೆಕೆಂಡ್ ಓಡ್ತು. ಒಳಗೆ ಯಾರೋ ಸುತ್ತಿಗೆಯಲ್ಲಿ ಕುಟ್ಟಿದ ಹಾಗೆ ಶಬ್ದ ಬಂದು ಆಫ್ ಆಯ್ತು. ಅಷ್ಟೇ.

2016ರ ಮಾಡೆಲ್ ಪೆಟ್ರೋಲ್ ಕಾರು, ಸಣ್ಣದು, ಮೂರು ಸಿಲಿಂಡರ್, 1000 ಸಿಸಿ. ಅಪ್ಪ ದೂರವಾಣಿನಗರದ ಐಟಿಐ ಕಾರ್ಖಾನೆಯಿಂದ ರಿಟೈರ್ ಆದಾಗ ಬಂದ ದುಡ್ಡಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಮ್ಮನ ಮಂಡಿ ನೋವಿಗೆ ಫಿಸಿಯೋಥೆರಪಿಗೆ ಹೋಗೋಕೆ ಅದೇ ಗಾಡಿ. ನಾನು ಓಡಿಸೋದು ಕಮ್ಮಿ, ಸಲಹೆ ಕೊಡೋದು ಜಾಸ್ತಿ.

ಈಗ ಒಳಗೆ ಏನಾಯ್ತು ಅಂತ ಹೇಳ್ತೀನಿ. ಇದು ಅರ್ಥವಾದ್ರೆ ಇನ್ಶೂರೆನ್ಸ್ ಯಾಕೆ ಹಾಗೆ ನಡ್ಕೊಳ್ಳುತ್ತೆ ಅನ್ನೋದೂ ಅರ್ಥವಾಗುತ್ತೆ.

ಮನೆಯಲ್ಲಿ ಔಷಧಿ ಕುಡಿಸೋ ಸಿರಿಂಜ್ ಇದ್ರೆ ತಗೊಳ್ಳಿ. ಗಾಳಿ ತುಂಬಿ, ತುದಿಗೆ ಬೆರಳು ಒತ್ತಿ ಹಿಡಿದು ಹಿಂದಿನಿಂದ ತಳ್ಳಿ. ಅರ್ಧದವರೆಗೂ ಹೋಗುತ್ತೆ, ಯಾಕಂದ್ರೆ ಗಾಳಿ ಒತ್ತಿದ್ರೆ ಕುಗ್ಗುತ್ತೆ. ಈಗ ನೀರು ತುಂಬಿ ಅದೇ ಥರ ತಳ್ಳಿ. ಒಂಚೂರೂ ಕದಲಲ್ಲ. ಎಂಜಿನ್ ಸಿಲಿಂಡರ್ ಅಂದ್ರೆ ದೊಡ್ಡ ಸಿರಿಂಜ್. ಪಿಸ್ಟನ್ ಕೆಳಗೆ ಹೋದಾಗ ಗಾಳಿ ಎಳ್ಕೊಳ್ಳುತ್ತೆ, ಮೇಲೆ ಬಂದಾಗ ಆ ಗಾಳಿಯನ್ನ ಸುಮಾರು ಹತ್ತರಲ್ಲಿ ಒಂದು ಭಾಗಕ್ಕೆ ಹಿಂಡುತ್ತೆ. ಆಮೇಲೆ ಸ್ಪಾರ್ಕ್, ಬೆಂಕಿ, ಶಕ್ತಿ.

ನಮ್ಮ ಕಾರಿನ ಲೆಕ್ಕ ಹಾಕೋಣ. 1000 ಸಿಸಿ, ಮೂರು ಸಿಲಿಂಡರ್ ಅಂದ್ರೆ ಒಂದೊಂದಕ್ಕೆ ಸುಮಾರು 333 ಸಿಸಿ. ಹತ್ತಕ್ಕೆ ಒಂದರ ಹಾಗೆ ಹಿಂಡಿದ್ರೆ, ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯೋ ಜಾಗ ಬರೀ 37 ಮಿಲಿ. ದರ್ಶಿನಿಯಲ್ಲಿ ಕೊಡೋ ಬೈ-ಟು ಕಾಫಿಗಿಂತ ಕಡಿಮೆ! ಅದಕ್ಕಿಂತ ಹೆಚ್ಚು ನೀರು ಒಂದು ಸಿಲಿಂಡರಿಗೆ ಹೋದ್ರೆ ಪಿಸ್ಟನ್‌ಗೆ ಮೇಲೆ ಬರೋಕೆ ಜಾಗವೇ ಇಲ್ಲ. ಆದ್ರೆ ಪಕ್ಕದ ಸಿಲಿಂಡರ್‌ಗಳಲ್ಲಿ ಬೆಂಕಿ ಹತ್ತಿ ಕ್ರ್ಯಾಂಕ್ ಶಾಫ್ಟ್ ತಿರುಗ್ತಾ ಇರುತ್ತೆ, ಅದು ಬಿಡಲ್ಲ, ತಳ್ಳುತ್ತೆ. ನೀರು ಕುಗ್ಗಲ್ಲ. ಕೊನೆಗೆ ಬಗ್ಗೋದು ಮಧ್ಯದಲ್ಲಿರೋ ಕನೆಕ್ಟಿಂಗ್ ರಾಡ್. ಇದಕ್ಕೆ ಹೈಡ್ರೋಸ್ಟ್ಯಾಟಿಕ್ ಲಾಕ್ ಅಂತಾರೆ. ಗ್ಯಾರೇಜಲ್ಲಿ ಕೇಳಿದ್ರೆ "ಎಂಜಿನ್ ನೀರು ಕುಡಿದಿದೆ" ಅಂತಾರೆ, ಅದೇ ಚೆನ್ನಾಗಿದೆ. ಡೀಸೆಲ್ ಎಂಜಿನ್ ಇನ್ನೂ ಜಾಸ್ತಿ ಹಿಂಡುತ್ತೆ, ಆದ್ದರಿಂದ ಅದಕ್ಕೆ ಇನ್ನೂ ಕಡಿಮೆ ನೀರು ಸಾಕು.

ಇದರಲ್ಲಿ ಮುಖ್ಯವಾದ ವಿಷಯ ಏನು ಗೊತ್ತಾ? ರಾತ್ರಿಯಿಡೀ ನೀರಲ್ಲಿ ನಿಂತಿದ್ದಾಗ ರಾಡ್ ಬಗ್ಗಿರಲಿಲ್ಲ. ಆಫ್ ಆಗಿರೋ ಎಂಜಿನ್ ಏನನ್ನೂ ಎಳ್ಕೊಳ್ಳಲ್ಲ, ಹಿಂಡಲ್ಲ. ನೀರು ಏರ್ ಫಿಲ್ಟರ್ ಡಬ್ಬಿ ಒಳಗೆ, ಪೈಪ್ ಒಳಗೆ ಸುಮ್ಮನೆ ಕೂತಿತ್ತು. ಅದನ್ನ ಒಳಗೆ ಕರೆದಿದ್ದು ಸೆಲ್ಫ್.

ಬಾಣಸವಾಡಿ ಕಡೆ ನಾವು ಯಾವಾಗಲೂ ಹೋಗೋ ಗ್ಯಾರೇಜಿಗೆ ಎರಡು ದಿನ ಆದ್ಮೇಲೆ ಟೋ ಮಾಡಿಸಿದ್ವಿ. ಆ ವಾರ ಟೋಯಿಂಗ್ ಗಾಡಿ ಸಿಗೋದೇ ಕಷ್ಟ ಆಗಿತ್ತು. ಗ್ಯಾರೇಜ್ ಮುಂದೆ ಕೆಸರು ಮೆತ್ತಿದ ಗಾಡಿಗಳ ಸಾಲು. ಬಾಗಿಲು ತೆಗೆದಿಟ್ಟು, ಸೀಟು ಬಿಚ್ಚಿ ಬಿಸಿಲಿಗೆ ಹಾಕಿದ್ರು, ನೋಡೋಕೆ ಮನೆ ಖಾಲಿ ಮಾಡ್ತಿರೋ ಹಾಗಿತ್ತು. ಭಾಯ್ ನಮ್ಮ ಕಾರಿನ ಬಾನೆಟ್ ಎತ್ತೋಕೂ ಮುಂಚೆ ಕೇಳಿದ್ದು ಒಂದೇ: "ಚಾಬಿ ತಿರುಗ್ಸಿದ್ರಾ ಸಾರ್?"

ಅಪ್ಪ ಹೂಂ ಅಂದ್ರು. ಭಾಯ್ ಡಿಪ್‌ಸ್ಟಿಕ್ ಎಳೆದು ತೋರಿಸಿದ್ರು. ಎಂಜಿನ್ ಆಯಿಲ್ ಹಾಲು ಜಾಸ್ತಿ ಆದ ಟೀ ಬಣ್ಣಕ್ಕೆ ಬಂದಿತ್ತು. ನೀರು ಬೆರೆತಿದೆ ಅಂತ ಅರ್ಥ. "ತಿರುಗ್ಸಿಲ್ಲ ಅಂದಿದ್ರೆ ಪ್ಲಗ್ ಬಿಚ್ಚಿ, ಕೈಯಲ್ಲಿ ತಿರುಗ್ಸಿ ನೀರು ಹೊರಗೆ ಹಾಕಿ, ಆಯಿಲ್ ಎರಡು ಸಲ ಚೇಂಜ್ ಮಾಡಿ ಕಳಿಸ್ತಿದ್ದೆ. ಈಗ ಎಂಜಿನ್ ಇಳಿಸ್ಬೇಕು."

ಇಳಿಸಿದ್ರು. ಮೂರರಲ್ಲಿ ಎರಡು ರಾಡ್ ಬಗ್ಗಿತ್ತು. ಒಂದು ಪಿಸ್ಟನ್ ಪಕ್ಕದಲ್ಲಿ ಉಜ್ಜಿದ ಗುರುತು. ಶಿವಾಜಿನಗರದ ಗುಜರಿಯಲ್ಲಿ ಹಳೇ ಹಾಫ್ ಎಂಜಿನ್ ಸಿಗುತ್ತೆ, ಹಾಕಿಬಿಡೋಣ ಅಂತ ಒಂದು ಮಾತು ಬಂತು. ಆದ್ರೆ ಎಂಜಿನ್ ನಂಬರ್ ಇರೋದು ಬ್ಲಾಕ್ ಮೇಲೆ. ಬ್ಲಾಕ್ ಬದಲಾದ್ರೆ ಆರ್‌ಟಿಒದಲ್ಲಿ ಆರ್‌ಸಿ ತಿದ್ದಿಸಬೇಕು. ಇಲ್ಲಾಂದ್ರೆ ನಾಳೆ ಮಾರೋವಾಗ, ಕ್ಲೈಮ್ ಮಾಡೋವಾಗ ತಲೆನೋವು. ಕೊನೆಗೆ ನಮ್ಮದೇ ಬ್ಲಾಕನ್ನ ಲೇತ್‌ಗೆ ಕಳಿಸಿ, ರಾಡ್, ಪಿಸ್ಟನ್, ಬೇರಿಂಗ್ ಹೊಸದು ಹಾಕಿಸಿದ್ವಿ.

ಇನ್ನು ಇನ್ಶೂರೆನ್ಸ್. ನಮ್ಮದು ಕಾಂಪ್ರಹೆನ್ಸಿವ್ ಪಾಲಿಸಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇರೋರಿಗೆ ಪ್ರವಾಹದಲ್ಲಿ ತಮ್ಮ ಗಾಡಿಗೆ ಒಂದು ರೂಪಾಯಿನೂ ಬರಲ್ಲ. ಅದು ಕಾನೂನಿಗೋಸ್ಕರ ಇರೋದು, ನಮ್ಮಿಂದ ಬೇರೆಯವರಿಗಾದ ಹಾನಿಗೆ. ಕಾಂಪ್ರಹೆನ್ಸಿವ್‌ನಲ್ಲಿ ಪ್ರವಾಹ ಅಂತ ಸ್ಪಷ್ಟವಾಗಿ ಬರೆದಿರುತ್ತೆ. ಹಾಗಾದ್ರೆ ಪೂರ್ತಿ ದುಡ್ಡು ಬರ್ಬೇಕಲ್ವಾ ಅಂತ ನಾನೂ ಅಂದ್ಕೊಂಡಿದ್ದೆ.

ಸರ್ವೇಯರ್ ಬಂದ ದಿನ ನಾನೂ ಗ್ಯಾರೇಜಲ್ಲಿದ್ದೆ. ಫೋಟೋ ತೆಗೆದ್ರು, ಕೆಸರಿನ ಗೆರೆ ಅಳತೆ ಮಾಡಿದ್ರು, ಬಿಚ್ಚಿಟ್ಟ ರಾಡ್‌ಗಳನ್ನ ತಿರುಗಿಸಿ ನೋಡಿದ್ರು. ಆಮೇಲೆ ಅಪ್ಪನ ಕಡೆ ತಿರುಗಿ, "ಸರ್, ನೀರು ಬಂದ ಮೇಲೆ ಗಾಡಿ ಸ್ಟಾರ್ಟ್ ಮಾಡಿದ್ರಾ?" ಅಂತ ಕೇಳಿದ್ರು. ಹಿಂದೆ ನಿಂತಿದ್ದ ಹುಡುಗ ಒಬ್ಬ ಅಪ್ಪನಿಗೆ ಮಾತ್ರ ಕಾಣೋ ಹಾಗೆ ತಲೆ ಅಲ್ಲಾಡಿಸ್ತಿದ್ದ. ಬೇಡ, ಇಲ್ಲ ಅನ್ನಿ ಅಂತ.

"ಮಾಡ್ದೆ. ಎರಡು ಸಲ" ಅಂದ್ರು ಅಪ್ಪ.

ಯಾರು ಹೇಳಿದ್ದಕ್ಕೆ ಮಾಡಿದ್ರಿ ಅಂತ ಸರ್ವೇಯರ್ ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ.

ವಾಪಸ್ ಬರೋವಾಗ ಸ್ಕೂಟರ್ ಹಿಂದೆ ಕೂತಿದ್ದ ಅಪ್ಪನ್ನ ನಾನೇ ಕೇಳ್ದೆ, ಯಾಕೆ ಹಾಗಂದ್ರಿ, ಸುಮ್ಮನಿದ್ರೆ ಆಗ್ತಿತ್ತಲ್ಲ ಅಂತ. "ಬಗ್ಗಿರೋ ರಾಡ್ ಅವರ ಕೈಯಲ್ಲೇ ಇತ್ತಲ್ಲೋ. ನಾನು ಮೂವತ್ತು ವರ್ಷ ಇನ್ಸ್‌ಪೆಕ್ಷನ್ ಡಿಪಾರ್ಟ್‌ಮೆಂಟಲ್ಲಿ ಇದ್ದೋನು. ಪೀಸ್ ನೋಡಿದ್ರೆ ಗೊತ್ತಾಗುತ್ತೆ" ಅಂದ್ರು. ಮನೆ ಬರೋವರೆಗೂ ಇಬ್ಬರೂ ಮತ್ತೆ ಮಾತಾಡಲಿಲ್ಲ.

ಎಂಜಿನ್ ಭಾಗದ ಕ್ಲೈಮ್ ತಿರಸ್ಕಾರ ಆಯ್ತು. ಪಾಲಿಸಿಯಲ್ಲಿ 'ಕಾನ್ಸಿಕ್ವೆನ್ಶಿಯಲ್ ಲಾಸ್' ಅಂತ ಒಂದು ಪದ ಇರುತ್ತೆ. ಅಂದ್ರೆ ಘಟನೆಯಿಂದ ನೇರವಾಗಿ ಆಗದೆ, ಆಮೇಲೆ ನಡೆದದ್ದರಿಂದ ಆದ ನಷ್ಟ. ಅದಕ್ಕೆ ಕಂಪನಿ ದುಡ್ಡು ಕೊಡಲ್ಲ. ಇನ್ನೊಂದು ಷರತ್ತೂ ಇದೆ: ಗಾಡಿ ಕೆಟ್ಟ ಮೇಲೆ ರಿಪೇರಿ ಮಾಡಿಸದೆ ಓಡಿಸಿದ್ರೆ, ಹೆಚ್ಚಾದ ಹಾನಿ ಮಾಲೀಕನ ತಲೆ ಮೇಲೆ. ಕಾರ್ಪೆಟ್ ಒದ್ದೆಯಾಗಿದ್ದು ಪ್ರವಾಹದಿಂದ, ರಾಡ್ ಬಗ್ಗಿದ್ದು ಕೀ ತಿರುಗಿಸಿದ್ದರಿಂದ. ಹೀಗಿತ್ತು ಅವರ ತರ್ಕ. ನನಗೆ ಕೋಪ ಬಂತು. ಆದ್ರೆ ಕಾರಣ ಓದ್ತಾ ಹೋದ ಹಾಗೆ, ಭಾಯ್ ಹೇಳಿದ್ದೂ ಇದನ್ನೇ ಅಲ್ವಾ ಅನಿಸ್ತು.

ಈಗ ನನ್ನ ಬಿ.ಕಾಂ. ಡಿಗ್ರಿ ಒಂದ್ಸಲ ಉಪಯೋಗಕ್ಕೆ ಬರ್ಲಿ. ಒಟ್ಟು ಬಿಲ್ 84,000. ಅದರಲ್ಲಿ ಎಂಜಿನ್ ಕೆಲಸ 51,000, ಪೂರ್ತಿ ನಮ್ಮದು. ಉಳಿದ 33,000ಕ್ಕೆ ಕ್ಲೈಮ್ ಒಪ್ಪಿದ್ರು, ಆದ್ರೆ ಅಲ್ಲಿ ಡಿಪ್ರಿಸಿಯೇಶನ್ ಬಂತು. ಸೆಕೆಂಡ್ ಸೆಮಿಸ್ಟರಲ್ಲಿ ಕಂಠಪಾಠ ಮಾಡಿದ್ದ ಅದೇ ಸವಕಳಿ! ಐದು ವರ್ಷ ದಾಟಿ ಹತ್ತರೊಳಗಿರೋ ಗಾಡಿಯ ಲೋಹದ ಬಿಡಿಭಾಗಕ್ಕೆ 40 ಪರ್ಸೆಂಟ್ ಕಡಿತ. ರಬ್ಬರ್, ನೈಲಾನ್, ಪ್ಲಾಸ್ಟಿಕ್, ಟೈರ್, ಬ್ಯಾಟರಿಗೆ ಗಾಡಿ ಹೊಸದಿರಲಿ ಹಳೇದಿರಲಿ 50 ಪರ್ಸೆಂಟ್. ಗಾಜಿಗೆ ಕಡಿತ ಇಲ್ಲ, ಲೇಬರ್ ಚಾರ್ಜಿಗೂ ಇಲ್ಲ. ನಮಗೆ ಲೋಹದ ಭಾಗ 10,000, ಅದರಲ್ಲಿ 4,000 ಹೋಯ್ತು. ಪ್ಲಾಸ್ಟಿಕ್ ರಬ್ಬರ್ 8,000, ಅದರಲ್ಲೂ 4,000 ಹೋಯ್ತು. ಆಯಿಲ್, ಕೂಲೆಂಟ್ 3,000, ಅದು ಕನ್ಸ್ಯೂಮಬಲ್ ಅಂತ ಪೂರ್ತಿ ಹೋಯ್ತು. ಲೇಬರ್ 12,000 ಪೂರ್ತಿ ಸಿಕ್ತು. 1500 ಸಿಸಿವರೆಗಿನ ಕಾರಿಗೆ ಕಡ್ಡಾಯ ಕಡಿತ 1,000. ಕೈಗೆ ಬಂದಿದ್ದು 21,000.

ಅಂದ್ರೆ ಸೆಲ್ಫ್ ಹೊಡೀದೆ ಇದ್ದಿದ್ರೆ ನಮ್ಮ ಜೇಬಿಂದ ಹೋಗ್ತಿದ್ದಿದ್ದು 12,000. ಹೊಡೆದಿದ್ದಕ್ಕೆ 63,000. ಅಪ್ಪ ಒಂದು ಎಫ್‌ಡಿ ಮುರಿಸಿದ್ರು. ನಾನು ಕೊಡ್ತೀನಿ ಅಂದೆ, ತಗೊಳ್ಳಲಿಲ್ಲ.

ಈ ಎಂಜಿನ್ ನಷ್ಟಕ್ಕೇ ಅಂತ 'ಎಂಜಿನ್ ಪ್ರೊಟೆಕ್ಟ್' ಅನ್ನೋ ಆಡ್-ಆನ್ ಇದೆ. ಬಿಡಿಭಾಗದ ಕಡಿತ ತಪ್ಪಿಸೋಕೆ 'ಜೀರೋ ಡೆಪ್' ಅಂತ ಇನ್ನೊಂದು. ಹೊಸ ಕಾರು, ಮನೆ ತಗ್ಗಲ್ಲಿ, ರಸ್ತೆಯಲ್ಲೇ ಪಾರ್ಕಿಂಗ್ ಅಂದ್ರೆ ನನ್ನ ಪ್ರಕಾರ ಎರಡನ್ನೂ ತಗೊಳ್ಳಿ, ಬೇರೆ ಯಾವ ಆಡ್-ಆನ್ ಬಿಟ್ರೂ ಪರವಾಗಿಲ್ಲ. ಆದ್ರೆ ಒಳಗಿನ ಷರತ್ತು ಓದಿ. ನೀರು ಹೊಕ್ಕ ಮೇಲೆ ಮತ್ತೆ ಮತ್ತೆ ಸ್ಟಾರ್ಟ್ ಮಾಡಿದ್ರೆ ಇದರಲ್ಲೂ ತಕರಾರು ಬರಬಹುದು. ಇನ್ನೊಂದು ಕಹಿ ಸುದ್ದಿ ಏನಂದ್ರೆ, ಗಾಡಿ ಹಳೇದಾದ ಹಾಗೆ ಈ ಆಡ್-ಆನ್‌ಗಳನ್ನ ಕೊಡೋಕೆ ಕಂಪನಿಗಳು ಹಿಂದೇಟು ಹಾಕ್ತವೆ. ರಿನ್ಯೂವಲ್ ಟೈಮಲ್ಲಿ ನಾನು ಕೇಳಿದಾಗ ನಮ್ಮ ಗಾಡಿಗೆ ಸಿಗಲಿಲ್ಲ.

ಸರಿ, ನಿಮ್ಮ ಗಾಡಿ ನೀರಲ್ಲಿ ನಿಂತಿದೆ ಅಂದ್ಕೊಳ್ಳಿ. ಏನು ಮಾಡ್ಬೇಕು? ಮೊದಲು, ಕೀ ಮುಟ್ಟಬೇಡಿ. ಸ್ಟಾರ್ಟ್ ಅಷ್ಟೇ ಅಲ್ಲ, ಲೈಟ್ ಬರುತ್ತಾ ನೋಡೋಣ ಅಂತ ಇಗ್ನಿಷನ್ ಆನ್ ಮಾಡೋದೂ ಬೇಡ, ಒದ್ದೆ ವೈರಿಂಗ್ ಶಾರ್ಟ್ ಆಗಬಹುದು. ಪುಶ್ ಬಟನ್ ಗಾಡಿಯಾದ್ರೆ ಬ್ರೇಕ್ ಒತ್ತಿ ಬಟನ್ ಒತ್ತೋ ಆಸೆನೂ ಬೇಡ. ತಳ್ಳಿ ಸ್ಟಾರ್ಟ್ ಮಾಡೋದಂತೂ ಬೇಡವೇ ಬೇಡ, ಅಲ್ಲೂ ಪಿಸ್ಟನ್ ಮೇಲೆ ಬರುತ್ತೆ. ನೀರು ಇಳಿಯೋಕೆ ಮುಂಚೆನೇ ನಂಬರ್ ಪ್ಲೇಟ್ ಕಾಣೋ ಹಾಗೆ ಫೋಟೋ, ವಿಡಿಯೋ ತೆಗೀರಿ. ಇಳಿದ ಮೇಲೆ ಕೆಸರಿನ ಗೆರೆದೂ ತೆಗೀರಿ, ತೊಳೆಯೋಕೆ ಮುಂಚೆ. ನಮ್ಮಮ್ಮ ಅಷ್ಟರಲ್ಲಿ ಪೈಪ್ ಹಿಡ್ಕೊಂಡು ನಿಂತಿದ್ರು, ಪುಣ್ಯಕ್ಕೆ ಕರೆಂಟ್ ಇರಲಿಲ್ಲ, ಮೋಟರ್ ಓಡಲಿಲ್ಲ. ಬಾನೆಟ್ ತೆಗೆದು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚೋಕೆ ಬಂದ್ರೆ ಬಿಚ್ಚಿ, ಬರದಿದ್ರೆ ಬಿಡಿ. ಇನ್ಶೂರೆನ್ಸ್ ಕಂಪನಿಗೆ ಅವತ್ತೇ ತಿಳಿಸಿ ಕ್ಲೈಮ್ ನಂಬರ್ ತಗೊಳ್ಳಿ. ಗ್ಯಾರೇಜಿಗೆ ಗಾಡಿ ಟೋ ಆಗಿ ಹೋಗ್ಲಿ, ಓಡಿಕೊಂಡು ಬೇಡ. ಸರ್ವೇಯರ್ ನೋಡೋಕೆ ಮುಂಚೆ ಎಂಜಿನ್ ಬಿಚ್ಚಬೇಡಿ ಅಂತ ಗ್ಯಾರೇಜಿಗೆ ಹೇಳಿ, ಅಥವಾ ಕಂಪನಿಯ ಒಪ್ಪಿಗೆ ಮೇಲೆ ಬಿಚ್ಚಿಸಿ. ನಾವು ಒಪ್ಪಿಗೆ ತಗೊಂಡೇ ಬಿಚ್ಚಿಸಿದ್ದು.

ಎಲೆಕ್ಟ್ರಿಕ್ ಗಾಡಿಗೆ ಪಿಸ್ಟನ್ ಇಲ್ಲ, ಈ ಸಮಸ್ಯೆನೂ ಇಲ್ಲ. ಆದ್ರೆ ಮುಳುಗಿದ ಗಾಡಿಯನ್ನ ಚಾರ್ಜಿಗೆ ಹಾಕಬೇಡಿ, ಸರ್ವಿಸ್‌ನವರೇ ನೋಡ್ಲಿ. ಪೆಟ್ರೋಲ್ ಸ್ಕೂಟರ್‌ಗೆ ಮಾತ್ರ ಮೇಲೆ ಹೇಳಿದ್ದೆಲ್ಲ ಅನ್ವಯ.

ಓಡ್ತಿರೋವಾಗ ನೀರು ಸಿಕ್ಕಿದ್ರೆ ಮಾತೇ ಬೇರೆ, ಅಲ್ಲಿ ಗಾಡಿಗಿಂತ ಜೀವ ಮುಖ್ಯ. 2023ರ ಮೇ 21, ಅದೂ ಭಾನುವಾರವೇ, ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ನೀರಿಗೆ ಸಿಕ್ಕಿ ನಮ್ಮ ವಯಸ್ಸಿಗಿಂತ ಚಿಕ್ಕ ಹುಡುಗಿಯೊಬ್ಬಳು ಸತ್ತಳು. ವಿಧಾನಸೌಧದಿಂದ ನಡೆದು ಹೋಗೋ ದೂರ ಅದು. ಅಂಡರ್‌ಪಾಸ್‌ನಲ್ಲಿ ನೀರು ಎಷ್ಟಿದೆ ಅಂತ ಮೇಲಿಂದ ಗೊತ್ತಾಗಲ್ಲ, ಮುಂದಿನ ಬಸ್ಸು ದಾಟಿತು ಅನ್ನೋದು ಅಳತೆಯಲ್ಲ. ಹರಿಯೋ ನೀರು ಒಂದಡಿ ಇದ್ರೂ ಸಣ್ಣ ಕಾರನ್ನ ತೇಲಿಸಬಹುದು. ಹೊರಮಾವಿನ ರೈಲ್ವೆ ಅಂಡರ್‌ಪಾಸ್ ನಮಗೆ ದಿನದ ದಾರಿ. ಜೋರು ಮಳೆ ಇದ್ರೆ ನಾನು ಈಗ ಸುತ್ತು ಹಾಕ್ಕೊಂಡೇ ಹೋಗ್ತೀನಿ, ಅರ್ಧ ಗಂಟೆ ಲೇಟ್ ಆದ್ರೂ ಸರಿ. ಆಕಸ್ಮಾತ್ ನೀರಲ್ಲಿ ಗಾಡಿ ನಿಂತೋದ್ರೆ ಮತ್ತೆ ಸ್ಟಾರ್ಟ್ ಮಾಡೋಕೆ ಹೋಗದೆ, ಕರೆಂಟ್ ಇರುವಾಗಲೇ ಕಿಟಕಿ ಗಾಜು ಇಳಿಸಿ, ಬೆಲ್ಟ್ ಬಿಚ್ಚಿ, ಹೊರಗೆ ಬನ್ನಿ. ನೀರು ಏರಿದ ಮೇಲೆ ಹೊರಗಿನ ಒತ್ತಡಕ್ಕೆ ಬಾಗಿಲು ತೆಗೆಯೋಕಾಗಲ್ಲ.

ಸೆಕೆಂಡ್ ಹ್ಯಾಂಡ್ ಕಾರು ನೋಡ್ತಿರೋರಿಗೆ ಒಂದು ಮಾತು. ಇಂಥ ಮಳೆ ಆದ್ಮೇಲೆ ಮುಳುಗಿದ ಗಾಡಿಗಳು ಪಾಲಿಶ್ ಆಗಿ ಮಾರ್ಕೆಟ್ಟಿಗೆ ಬರ್ತವೆ. ರಿಪೇರಿ ಖರ್ಚು ಐಡಿವಿಯ, ಅಂದ್ರೆ ಪಾಲಿಸಿಯಲ್ಲಿ ಬರೆದಿರೋ ಗಾಡಿ ಬೆಲೆಯ, 75 ಪರ್ಸೆಂಟ್ ದಾಟಿದ್ರೆ ಕಂಪನಿ ಅದನ್ನ ಟೋಟಲ್ ಲಾಸ್ ಅಂತ ಮುಗಿಸುತ್ತೆ. ಆ ಗಾಡಿ ಹರಾಜಾಗಿ ಎಲ್ಲೋ ರೆಡಿಯಾಗಿ ಮತ್ತೆ ರಸ್ತೆಗೆ ಇಳೀಬಹುದು. ನೋಡೋಕೆ ಹೋದಾಗ ಸೀಟ್ ಬೆಲ್ಟನ್ನ ಕೊನೆವರೆಗೂ ಎಳೀರಿ. ಸೀಟ್ ಕವರ್ ಬದಲಾಯಿಸ್ತಾರೆ, ಬೆಲ್ಟಿನ ಕೊನೇ ಒಂದಡಿ ತೊಳೆಯೋಕೆ ಮರೀತಾರೆ, ಅಲ್ಲಿ ಕೆಸರಿನ ಕಲೆ ಸಿಗುತ್ತೆ. ಸ್ಟೆಪ್ನಿ ಎತ್ತಿ ಕೆಳಗೆ ಮೊಬೈಲ್ ಟಾರ್ಚ್ ಹಾಕಿ. ಸೀಟಿನ ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿ. ಕಾರೊಳಗೆ ಪರ್ಫ್ಯೂಮ್ ಜಾಸ್ತಿ ಹೊಡೀತಿದ್ರೆ ಅನುಮಾನ ಪಡಿ.

ಕ್ಲೈಮ್ ತಿರಸ್ಕಾರ ಆದ್ರೆ ಅಲ್ಲಿಗೆ ಮುಗೀತು ಅಂತಲ್ಲ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ, ಅಥವಾ ಬಂದದ್ದು ಒಪ್ಪಿಗೆಯಾಗದಿದ್ರೆ, ವಿಮಾ ಓಂಬುಡ್ಸ್‌ಮನ್ ಹತ್ರ ಹೋಗಬಹುದು. ಕರ್ನಾಟಕದವರಿಗೆ ಕಚೇರಿ ಬೆಂಗಳೂರಲ್ಲೇ ಇದೆ, ಶುಲ್ಕ ಇಲ್ಲ, ವಕೀಲರೂ ಬೇಡ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲೂ ದೂರು ಹಾಕಬಹುದು, ಸಹಾಯವಾಣಿ 155255. ಗ್ರಾಹಕ ಆಯೋಗದ ಬಾಗಿಲೂ ಇದೆ. 'ನೇರ ನಷ್ಟ ಯಾವುದು, ಆಮೇಲಿನ ನಷ್ಟ ಯಾವುದು' ಅನ್ನೋ ಜಗಳ ಅಲ್ಲಿಗೆ ಹೋಗ್ತಾನೇ ಇರುತ್ತೆ.

ನಾನು ಓಂಬುಡ್ಸ್‌ಮನ್‌ಗೆ ಹಾಕೋಕೆ ಪೇಪರ್ ಎಲ್ಲ ರೆಡಿ ಮಾಡಿದ್ದೆ. ಅಪ್ಪ ಸೈನ್ ಮಾಡಲಿಲ್ಲ. "ಎರಡು ಸಲ ತಿರುಗಿಸಿದೀನಲ್ಲ" ಅಂದ್ರು ಅಷ್ಟೇ. ಆ ಫೈಲ್ ಇನ್ನೂ ನನ್ನ ಡ್ರಾಯರ್‌ನಲ್ಲಿದೆ.

ಈಗ ಮೋಡ ಕಟ್ಟಿದ್ರೆ ಅಪ್ಪ ಮೊದಲು ನೋಡೋದು ಮೊಬೈಲಲ್ಲಿ ಮೇಘ ಸಂದೇಶ ಆಪ್. ನಮ್ಮ ಏರಿಯಾ ಕೆಂಪಾದ್ರೆ ಕಾರನ್ನ ತಗೊಂಡು ಹೋಗಿ ಎತ್ತರದಲ್ಲಿರೋ ದೊಡ್ಡಮ್ಮನ ಮನೆ ಮುಂದೆ ನಿಲ್ಲಿಸಿ, ಛತ್ರಿ ಹಿಡ್ಕೊಂಡು ನಡ್ಕೊಂಡು ಬರ್ತಾರೆ. ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ಹೀಗೇ ಹೊರಟ್ರು. ನಾನು ತಗೊಂಡು ಹೋಗ್ತೀನಿ ಕೊಡಿ ಅಂದೆ. ಕೊಡಲಿಲ್ಲ, ಆದ್ರೆ ಪಕ್ಕದ ಸೀಟಲ್ಲಿ ಕೂರಿಸ್ಕೊಂಡು ಹೋದ್ರು.

ಮುಂದಿನ ವಾರ ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡ್ಮೇಲೆ ಆರ್‌ಸಿ, ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸೋದು ಹೇಗೆ ಅಂತ ನೋಡೋಣ. ನಿಮ್ಮ ಗಾಡಿ ನೀರಿಗೆ ಸಿಕ್ಕಿದ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಬಿಲ್ ಇದ್ರೆ ಅದನ್ನೂ ಕಳಿಸಿ, ಲೆಕ್ಕ ಒಟ್ಟಿಗೆ ಹಾಕೋಣ.